ಡಿಕಾಕ್ಷನ್ ಇಳಿಯುವ ತನಕ

ಬೆಳಿಗ್ಗೆ ಎದ್ದು ಫಿಲ್ಟರಿಗೆ ಪುಡಿ ಹಾಕಿ, ಕುದಿಯುವ ನೀರು ಹುಯ್ದು, ಮುಚ್ಚಳ ಮುಚ್ಚಿದೆನೆಂದರೆ ನನಗೆ ಒಂದು ಇಂಗ್ಲಿಷ್ ಕ್ರಿಯಾಪದ ನೆನಪಾಗುತ್ತದೆ: ಪರ್ಕೊಲೇಟ್. ಬೇರೆಯವರಿಗೆ ಆ ಹೊತ್ತಿನಲ್ಲಿ ದೇವರು ನೆನಪಾಗುತ್ತಾನೆ, ಇಲ್ಲವೇ ಇನ್ನೂ ಬಾರದ ಹಾಲಿನವನು ನೆನಪಾಗುತ್ತಾನೆ. ಕೊಳ್ಳೇಗಾಲದಿಂದ ಹನೂರಿಗೆ ದಿನವೂ ಬಸ್ಸಿನಲ್ಲಿ ಓಡಾಡಿಕೊಂಡು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತ ತಲೆ ನರೆಸಿಕೊಂಡವನಿಗೆ ಇಂಥ ಕಾಯಿಲೆಗಳು ಅಂಟಿಕೊಳ್ಳುತ್ತವೆ. ನೀವು ದೊಡ್ಡ ಮನಸ್ಸು ಮಾಡಿ ಸಹಿಸಿಕೊಳ್ಳಬೇಕು.

ಪದದ ಮೂಲ ಲ್ಯಾಟಿನ್. ‘ಪರ್’ ಎಂದರೆ ಹಾಯ್ದು, ಒಂದರ ಮೂಲಕ. ‘ಕೋಲಾರೆ’ ಎಂದರೆ ಸೋಸುವುದು, ‘ಕೋಲುಮ್’ ಎಂದರೆ ಸೋಸುವ ಸಾಧನ. ಒಂದರ ಮೂಲಕ ಹಾಯ್ದು ಸೋಸಿಕೊಂಡು ಹೋಗುವುದೇ ಪರ್ಕೊಲೇಟ್. ಅಡುಗೆಮನೆಯ ತೂತಿನ ಬೋಗುಣಿಗೆ ಇಂಗ್ಲಿಷಿನವರು ಕೋಲಂಡರ್ ಅನ್ನುತ್ತಾರಲ್ಲ, ಅದು ಇದೇ ವಂಶದ್ದು. ಉಚ್ಚಾರದಲ್ಲಿ ಒತ್ತು ಮೊದಲಿನ ‘ಪರ್’ ಮೇಲೆ ಬೀಳಬೇಕು. ನಡುವಿನ ‘ಕೊ’ ಪೂರ್ತಿ ‘ಕೊ’ ಅಲ್ಲ. ಬಾಯಿ ತೆರೆಯಲು ಸೋಮಾರಿತನ ಬಂದವರ ಹಾಗೆ ಅದನ್ನು ಅಂದೂ ಅನ್ನದಂತೆ ಅಂದು ದಾಟಿಬಿಡಬೇಕು. ನಮ್ಮ ಹನೂರಿನ ಮಕ್ಕಳು ಅದಕ್ಕೆ ದೀರ್ಘ ಕೊಟ್ಟು ‘ಪರ್ಕೋಲೇಟ್’ ಎಂದು ಮರ್ಯಾದೆ ಮಾಡುತ್ತಾರೆ. ನಾನು ತಿದ್ದುತ್ತೇನೆ, ಅವರು ನಗುತ್ತಾರೆ, ಗಂಟೆ ಹೊಡೆಯುತ್ತದೆ.

ಇಂಗ್ಲಿಷಿನವರು ಒಂದು ಪದದಲ್ಲಿ ಮುಗಿಸಿದ್ದನ್ನು ನಮ್ಮವರು ಕೆಲಸ ನೋಡಿ ಬೇರೆ ಬೇರೆಯಾಗಿ ಹಂಚಿಟ್ಟಿದ್ದಾರೆ. ಟೀ ಸೋಸುತ್ತೇವೆ. ಬೆಂದ ಸೊಪ್ಪು, ಕಾಳು ಬಸಿಯುತ್ತೇವೆ. ಬಸಿದ ನೀರಿಗೆ ಖಾರ ಅರೆದು ಹಾಕಿದರೆ ಬಸ್ಸಾರು, ಅದರ ಮುಂದೆ ಉಳಿದ ಸಾರುಗಳೆಲ್ಲ ಬರೀ ಬಿಸಿನೀರು ಎಂಬುದು ನನ್ನ ಅಚಲ ಅಭಿಪ್ರಾಯ. ಹಿಟ್ಟನ್ನು ಜರಡಿ ಹಿಡಿಯುತ್ತೇವೆ. ಮಳೆಯ ನೀರು ಮಣ್ಣಿನಲ್ಲಿ ಇಂಗುತ್ತದೆ. ಡಿಕಾಕ್ಷನ್ ಮಾತ್ರ ಇಳಿಯುತ್ತದೆ. ಗಮನಿಸಿ, ಸೋಸುವುದಕ್ಕೂ ಬಸಿಯುವುದಕ್ಕೂ ನಮ್ಮ ಕೈ ಬೇಕು. ಇಂಗುವುದು, ಇಳಿಯುವುದು ತಾವಾಗಿ ಆಗಬೇಕು. ಅಲ್ಲಿ ಮನುಷ್ಯನಿಗಿರುವ ಕೆಲಸ ಸುಮ್ಮನೆ ಕೂತು ಕಾಯುವುದು.

ಕಾಯುವ ಈ ವಿದ್ಯೆಯನ್ನು ನನಗೆ ಕಲಿಸಿದವಳು ನಮ್ಮವ್ವ. ಯಳಂದೂರಿನ ನಮ್ಮ ಮನೆಯಲ್ಲಿ ಒಂದು ದೊಡ್ಡ ಹಿತ್ತಾಳೆ ಫಿಲ್ಟರ್ ಇತ್ತು. ಗದ್ದೆಯ ಕೆಲಸದವರು, ನೆಂಟರು, ದಾರಿ ತಪ್ಪಿ ಬಂದವರು ಎಲ್ಲರಿಗೂ ಆಗುವಷ್ಟು ಡಿಕಾಕ್ಷನ್ ಅದರಲ್ಲಿ ಇಳಿಯುತ್ತಿತ್ತು. ಅವ್ವನದೊಂದು ಕಟ್ಟಳೆ: ಯಾರಾದರೂ ದೊಡ್ಡ ವಿಷಯ ಕೇಳಿಕೊಂಡು ಬಂದರೆ ಆಗಲೇ ಉತ್ತರ ಕೊಡುವ ಹಾಗಿರಲಿಲ್ಲ. ಹೆಣ್ಣು ಕೇಳಲು ಬಂದವರಿರಲಿ, ಗದ್ದೆ ಗುತ್ತಿಗೆಗೆ ಕೇಳಲು ಬಂದವರಿರಲಿ, ಅವಳು ಒಳಗೆ ಹೋಗಿ ಫಿಲ್ಟರಿಗೆ ನೀರು ಹುಯ್ದು ಬಂದು, “ಇರಿ, ಕಾಪಿ ಇಳೀಲಿ” ಅನ್ನುವಳು. ಅಲ್ಲಿಯವರೆಗೆ ಮಳೆ, ಬೆಳೆ, ಯಾರ ಮನೆಯ ಎಮ್ಮೆ ಕರು ಹಾಕಿತು ಎಂಬ ಮಾತು. ಲೋಟ ಕೈಗೆ ಬಂದ ಮೇಲೆಯೇ ಹೂಂ ಅಥವಾ ಉಹೂಂ. ಅಪ್ಪ ಹೊರಗೆ ಹುಲಿ, ಆದರೆ ಈ ಕಟ್ಟಳೆಯನ್ನು ಒಂದು ಸಲವೂ ಮುರಿದವರಲ್ಲ.

ಒಮ್ಮೆ ಎತ್ತಿನ ದಲ್ಲಾಳಿಯೊಬ್ಬ ಒಂದು ಜೊತೆ ಎತ್ತು ಹೊಡೆದುಕೊಂಡು ಬಂದು ಬಾಗಿಲಲ್ಲಿ ನಿಂತ. ಬಿಳಿ ಎತ್ತುಗಳು, ಕೊಂಬಿಗೆ ಎಣ್ಣೆ ಹಚ್ಚಿ ಮಿರಮಿರ ಮಾಡಿದ್ದ. ಈಗಲೇ ಹೂಂ ಅನ್ನಿ, ಆ ಕಡೆ ಬೀದಿಯವರೂ ಕೇಳುತ್ತಿದ್ದಾರೆ ಎಂದು ಅವಸರ ಮಾಡಿದ. ಅಪ್ಪನ ಬಾಯಲ್ಲಿ ಹೂಂ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವ್ವ ಒಳಗಿಂದಲೇ, “ಕಾಪಿ ಇಳೀತಾ ಅದೆ, ಕುಡ್ಕೊಂಡೇ ಮಾತಾಡಿ” ಅಂದಳು. ಅಪ್ಪ ಜಗುಲಿಯ ಮೇಲೆ ಕೂತು ಎತ್ತುಗಳನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಎಡಗಡೆಯ ಎತ್ತು ತನ್ನ ಮುಂಗಾಲನ್ನು ಮತ್ತೆ ಮತ್ತೆ ನೆಲದಿಂದ ಎತ್ತಿ ಎತ್ತಿ ಇಡುವುದು ಅವರ ಕಣ್ಣಿಗೆ ಬಿತ್ತು. ದಲ್ಲಾಳಿ ಕಾಫಿ ಕುಡಿದು, ಎತ್ತುಗಳನ್ನು ಹೊಡೆದುಕೊಂಡು ಬಂದ ದಾರಿಯಲ್ಲೇ ಹೋದ.

ನಾನು ಆಗ ಚಿಕ್ಕವನು. ಮನೆಯವರೆಲ್ಲ ಸಿನಿಮಾಕ್ಕೆ ಹೊರಟ ಒಂದು ಮಧ್ಯಾಹ್ನ, ಕಾಫಿ ಆಗದೆ ಯಾರೂ ಏಳರು ಎಂದು ಗೊತ್ತಿದ್ದರಿಂದ ಸೌಟು ತೆಗೆದುಕೊಂಡು ಫಿಲ್ಟರಿಗೆ ಟಣಟಣ ಎಂದು ಬಾರಿಸಿದೆ. ಅವ್ವ ಓಡಿ ಬಂದು ಸೌಟು ಕಿತ್ತುಕೊಂಡಳು.

“ತಟ್ಟುದ್ರೆ ಬೇಗ ಇಳೀತದೆ ಕಣವ್ವ,” ಅಂದೆ.

“ಇಳೀತದೆ ಕಣ್ಲಾ, ಪುಡೀನೂ ಜೊತೇಲಿ ಬತ್ತದೆ. ಆಮೇಲೆ ನಿಮ್ಮಪ್ಪ ಕುಡುದು ಮೀಸೆ ಒರುಸ್ಕೊಂಡು ನನ್ ಮಕ ನೋಡ್ತಾರೆ. ಕೂತ್ಕೊಳ್ಳಾ ಸುಮ್ಕೆ.”

ಕೂತೆ. ಒಂದು ಲೆಕ್ಕದಲ್ಲಿ ಹೋದ ವರ್ಷದವರೆಗೂ ಕೂತೇ ಇದ್ದೆ ಅನ್ನಬೇಕು. ಅವ್ವ ದೊಡ್ಡ ವಿಷಯಕ್ಕೆ ಮಾತ್ರ ಇಟ್ಟುಕೊಂಡ ಕಟ್ಟಳೆಯನ್ನು ನಾನು ಸಣ್ಣಪುಟ್ಟದಕ್ಕೆಲ್ಲ ಹಬ್ಬಿಸಿದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರು ಟೈಮ್‌ಟೇಬಲ್ ಕೇಳಿದರೆ, “ಸ್ವಲ್ಪ ಪರ್ಕೊಲೇಟ್ ಆಗಲಿ ಸಾರ್” ಅನ್ನುವೆ. ಸ್ಟಾಫ್ ರೂಮಿನಲ್ಲಿ ಬಾಡೂಟಕ್ಕೋ ಪ್ರವಾಸಕ್ಕೋ ಬರುತ್ತೀರಾ ಎಂದು ಕೇಳಿದರೂ ಅದೇ ಮಾತು. ಬೆನ್ನ ಹಿಂದೆ ನನಗೆ ಫಿಲ್ಟರ್ ಮೇಷ್ಟ್ರು ಎಂಬ ಹೆಸರು ಬಿದ್ದಿದೆ. ನನ್ನ ಹೆಂಡತಿ ಶಾಂತಾ ಇದ್ದಾಗ, ಬಟ್ಟೆ ಅಂಗಡಿಯಲ್ಲಿ ನಾನು ಅಂಗಿಯ ಬಣ್ಣ ಆರಿಸುವಷ್ಟರಲ್ಲಿ ತಾನು ರೇಷ್ಮೆ ಸೀರೆ ಆರಿಸಿ, ಬಿಲ್ಲು ಮಾಡಿಸಿ, ಹೊರಗೆ ಬಂದು ಎಳನೀರು ಕುಡಿದು ಮುಗಿಸುತ್ತಿದ್ದಳು. ನನ್ನ ನಿಧಾನವನ್ನು ಅವಳು ಆಡಿಕೊಂಡು ನಗುತ್ತಿದ್ದಳೇ ಹೊರತು ಬೈದವಳಲ್ಲ.

ಶಾಂತಾ ತೀರಿಕೊಂಡು ಕೆಲವು ವರ್ಷಗಳಾದವು. ಅದಾದ ಮೇಲೆ ನಮ್ಮ ಮನೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ಮಿಕ್ಕಿ ಹುಳಿ ಬರತೊಡಗಿತು. ಮಗಳು ಮೈಸೂರಿನಲ್ಲಿ ಗಂಡನ ಮನೆ ಸೇರಿದ್ದಳು. ಒಂದು ದಿನ ಪಾತ್ರೆ ಅಂಗಡಿಗೆ ಹೋಗಿ, “ಒಬ್ಬರಿಗೆ ಆಗುವಂಥ ಫಿಲ್ಟರ್ ಕೊಡಿ” ಎಂದು ಕೇಳಿದೆ. ಅಂಗಡಿಯವನು ಸ್ಟೀಲಿನ ಒಂದು ಪುಟ್ಟ ಫಿಲ್ಟರ್ ತೆಗೆದುಕೊಟ್ಟ. ಅವ್ವನ ಕಾಲ ಮುಗಿದ ಮೇಲೆ ನನ್ನ ಪಾಲಿಗೆ ಬಂದಿದ್ದ ಹಿತ್ತಾಳೆ ಫಿಲ್ಟರ್ ಅವಳ ಹಳೆಯ ಸೀರೆಯೊಂದರಲ್ಲಿ ಸುತ್ತಿಸಿಕೊಂಡು ಅಟ್ಟದ ಮೇಲೆ ಮೊದಲಿನಿಂದಲೂ ಇತ್ತು.

ಇನ್ನು ಗಿರಿಜಾ ಮೇಡಂ ವಿಷಯ. ಅವರು ಹನೂರಿನಲ್ಲಿ ಕೃಷಿ ಇಲಾಖೆಯವರು. ಹುಟ್ಟಿದ್ದು ನಮ್ಮ ಯಳಂದೂರಿನ ಹತ್ತಿರದ ಹಳ್ಳಿಯಲ್ಲೇ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಕೊಳ್ಳೇಗಾಲದಲ್ಲಿ ಬಾಡಿಗೆ ಮನೆ ಮಾಡಿಕೊಂಡು ನನ್ನ ಹಾಗೆಯೇ ದಿನವೂ ಹನೂರಿನ ಬಸ್ಸು ಹತ್ತುತ್ತಿದ್ದರು. ಮೊದಲು ಬರೀ ಮುಖಪರಿಚಯ. ಒಂದು ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ಕೂತು, ಇಲಾಖೆಯ ಕಾಗದದಲ್ಲಿದ್ದ ಒಂದು ಪದವನ್ನು ತೋರಿಸಿದರು. ಪರ್ಕೊಲೇಷನ್ ಪಿಟ್.

“ಮೇಷ್ಟ್ರೇ, ಇದನ್ನ ಎಂಗೆ ಓದಬೇಕು? ಎಲ್ಲಿಂದ ಬಂತು ಇದು?”

ಕೇಳಬಾರದವನನ್ನು ಕೇಳಿದರು. ಕೊಳ್ಳೇಗಾಲ ಬಿಡುವಾಗ ಲ್ಯಾಟಿನ್ನಿನಲ್ಲಿದ್ದವನು ದಾರಿಯುದ್ದಕ್ಕೂ ಕೋಲಂಡರ್, ಜರಡಿ, ಕಾಫಿ, ಬಸ್ಸಾರು ಎಲ್ಲವನ್ನೂ ಸುತ್ತಿ, ನಮ್ಮವ್ವನ ಕಟ್ಟಳೆ, ಅಟ್ಟದ ಮೇಲಿನ ಫಿಲ್ಟರ್ ಎಲ್ಲ ಹೇಳಿ ಹನೂರು ಮುಟ್ಟಿದೆ. ಅವರು ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡು, “ಅಂದ್ರೆ ಇಂಗುಗುಂಡಿ. ಅಷ್ಟೇ ತಾನೆ?” ಎಂದು ಇಳಿದು ಹೋದರು. ಮಾರನೆಯ ದಿನ ಬಂದು ಪಕ್ಕದಲ್ಲೇ ಕೂತರು. “ನಿಮ್ಮ ತಾಯೋರು ಕಾಪಿ ಇಳಿಯೋವಾಗ ಏನೇನು ಮಾತಾಡೋರು ಅಂತ ಇನ್ನೊಂಚೂರು ಹೇಳಿ,” ಅಂದರು. ನನ್ನ ಮಾತನ್ನು ಹೀಗೆ ಯಾರಾದರೂ ಕೇಳಿ ಬಹಳ ದಿನವಾಗಿತ್ತು. ಅಂದಿನಿಂದ ನನಗೆ ಬಸ್ಸು ತಡವಾಗಿ ಬಂದರೂ ಸಿಟ್ಟು ಬರುತ್ತಿರಲಿಲ್ಲ.

ಹೋದ ವರ್ಷ ಒಂದು ಸಂಜೆ, ಇಬ್ಬರೂ ಕೊಳ್ಳೇಗಾಲದಲ್ಲಿ ಬಸ್ಸಿಳಿದು ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕೊಂಡು ನಿಂತಿದ್ದೆವು. ಗಿರಿಜಾ ಮೇಡಂ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಮೇಷ್ಟ್ರೇ, ಈ ತಿಂಗ್ಳು ಕೊನೇಗೆ ನಂಗೆ ರಿಟೈರ್‌ಮೆಂಟು. ಶಿವಮೊಗ್ಗದಿಂದ ತಂಗಿ ಬಾ ಬಾ ಅಂತಾವ್ಳೆ. ನಂಗೇನೂ ಓಗೋ ಆಸೆ ಇಲ್ಲ. ನೀವೂ ಒಬ್ರೇ, ನಾನೂ ಒಬ್ಳೇ. ಮದ್ವೆ ಮಾಡ್ಕೊಂಡು ಒಂದೇ ಮನೇಲಿ ಇರಬೌದಲ್ವಾ? ನೀವು ಬ್ಯಾಡ ಅಂದ್ರೆ ಬೇಜಾರಿಲ್ಲ, ಓಯ್ತೀನಿ. ಏನೋ ಒಂದು ಹೇಳಿ.”

ನನಗೆ ಸಂತೋಷವಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಆ ಸಂತೋಷದಲ್ಲಿ ನನ್ನ ಬಾಯಿಂದ ಬಂದ ಮಾತು ಏನು ಗೊತ್ತೆ? “ಮೇಡಂ, ಇದು ಸ್ವಲ್ಪ ಪರ್ಕೊಲೇಟ್ ಆಗಲಿ.” ಉಚ್ಚಾರ ಮಾತ್ರ ಚೊಕ್ಕವಾಗಿತ್ತು.

ಅವರು ನಕ್ಕು, “ಆಗ್ಲಿ” ಎಂದು ಉಳಿದ ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಮನೆಯ ಕಡೆ ನಡೆದರು.

ಆಮೇಲೆ ದಿನಗಳು ಹೋದವು. ಬಸ್ಸಿನಲ್ಲಿ ಎಂದಿನಂತೆಯೇ ಮಾತು. ಅವರು ಮತ್ತೆ ಕೇಳಲಿಲ್ಲ, ನಾನು ಹೇಳಲಿಲ್ಲ. ಇಂಥ ವಿಷಯದಲ್ಲಿ ಅವಸರ ಮಾಡಬಾರದು, ಅವಸರ ಮಾಡಿದರೆ ಪುಡಿಯೂ ಬರುತ್ತದೆ ಎಂದು ನನಗೆ ನಾನೇ ಉಪದೇಶ ಮಾಡಿಕೊಂಡೆ. ಯಳಂದೂರಿನ ಅಣ್ಣ ಏನೆನ್ನುತ್ತಾನೋ, ಸ್ಟಾಫ್ ರೂಮಿನಲ್ಲಿ ಏನು ಆಡಿಕೊಳ್ಳುತ್ತಾರೋ, ಶಾಂತಾಳ ಫೋಟೋದ ಮುಂದೆ ಯಾವ ಮುಖ ಇಟ್ಟುಕೊಂಡು ದೀಪ ಹಚ್ಚಲಿ ಎಂದು ಒಂದೊಂದು ದಿನ ಒಂದೊಂದು ನೆವ. ಮಗಳಿಗೆ ಫೋನಿನಲ್ಲಿ ಮೆಲ್ಲಗೆ ಹೇಳಿದೆ. ಅವಳು, “ಅಪ್ಪಾ, ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ಅಮ್ಮ ಇದ್ದಿದ್ರೆ ಇಷ್ಟೊತ್ತಿಗೆ ನಿಮ್ಮ ಪರವಾಗಿ ಅವಳೇ ಹೂಂ ಅಂದು ಬರ್ತಿದ್ಳು,” ಎಂದು ನಕ್ಕಳು. ಅದನ್ನೂ ಕೇಳಿಸಿಕೊಂಡೆ. ಆದರೂ ಹೇಳಲಿಲ್ಲ.

ರಿಟೈರ್ ಆಗುವ ಮುಂಚೆ ಗಿರಿಜಾ ಮೇಡಂ ತಾವು ತೋಡಿಸಿದ ಇಂಗುಗುಂಡಿಗಳನ್ನೆಲ್ಲ ಒಂದು ಸುತ್ತು ನೋಡಿ ಬರಬೇಕೆಂದುಕೊಂಡಿದ್ದರು. ನನಗೆ ರಜೆ ಇದ್ದ ಒಂದು ದಿನ, “ಬನ್ನಿ, ನಿಮ್ಮ ಲ್ಯಾಟಿನ್ ಪದ ನೆಲದ ಮೇಲೆ ಎಂಗಿರ್ತದೆ ತೋರುಸ್ತೀನಿ,” ಎಂದು ಹೂಗ್ಯಂ ಎಂಬ ಹಳ್ಳಿಗೆ ಕರೆದುಕೊಂಡು ಹೋದರು. ಹನೂರಿನಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಕಾಡಂಚಿನ ಇಳಿಜಾರು ಹೊಲಗಳು. ಹಿಂದಿನ ವಾರವೆಲ್ಲ ಒಳ್ಳೆಯ ಮಳೆ ಹುಯ್ದಿತ್ತು. ನೋಡಿದ ಗುಂಡಿಗಳಲ್ಲೆಲ್ಲ ತಳದಲ್ಲಿ ಒದ್ದೆ ಮಣ್ಣು ಬಿಟ್ಟರೆ ನೀರಿರಲಿಲ್ಲ. ಪಾಪ, ಇವರ ಕೆಲಸ ಕೆಟ್ಟಿತಲ್ಲ ಎಂದು ನಾನು ಮನಸ್ಸಿನಲ್ಲೇ ಮರುಗಿದೆ. ಅವರು ಪ್ರತಿ ಗುಂಡಿಯ ಹತ್ತಿರವೂ ಬಗ್ಗಿ ನೋಡಿ ಖುಷಿಯಾಗಿ ಮುಂದೆ ನಡೆಯುತ್ತಿದ್ದರು.

ಕೊನೆಯದು ಮಾದಯ್ಯ ಎಂಬ ರೈತನ ಹೊಲ. ದೂರದಿಂದಲೇ ಕೂಗಿ ಕರೆದ.

“ಬನ್ನಿ ಮೇಡಮ್ಮೋರೇ, ನಂ ಗುಂಡಿ ನೋಡಿ! ಊರ್ನಲ್ಲಿ ಯಾರ್ ಗುಂಡೀಲೂ ಒಂದ್ ತೊಟ್ಟು ನೀರಿಲ್ಲ. ನಂದ್ರಲ್ಲಿ ಎಂಗ್ ನಿಂತದೆ ನೋಡಿ!”

ನಿಜ. ಗುಂಡಿ ಅಂಚಿನವರೆಗೆ ತುಂಬಿ, ಅದರಲ್ಲಿ ಆಕಾಶ ಕಾಣುತ್ತಿತ್ತು. ಸುತ್ತ ಮುಳ್ಳು ಕಡಿದು ಬೇಲಿ ಹಾಕಿದ್ದ, ದನ ಬಾಯಿ ಹಾಕಬಾರದೆಂದು. ನಾನು ಭೇಷ್ ಎಂದೆ.

ಗಿರಿಜಾ ಮೇಡಂ ಭೇಷ್ ಅನ್ನಲಿಲ್ಲ. “ಅದೆಂಗ್ ನಿಂತ್ಕೊಂತು ಮಾದಯ್ಯ?” ಎಂದು ಕೇಳಿದರು.

“ಬುಟ್ರೆ ನಿಂತದಾ? ಕೆರೆಯಿಂದ ಜೇಡಿಮಣ್ಣು ತಂದು ತಳಕ್ಕೆಲ್ಲ ಮೆತ್ತಿವ್ನಿ. ಇಲ್ಲಾಂದ್ರೆ ನೀರೆಲ್ಲ ಭೂಮಿಗೆ ಇಳ್ದೋಯ್ತದೆ.”

“ಇಳೀಲಿ ಅಂತ್ಲೇ ಅಲ್ವಾ ಗುಂಡಿ ತೋಡ್ಸಿದ್ದು? ಇಲ್ಲಿ ಇಳ್ದಿದ್ದು ಕೆಳಗಡೆ ಬಾವೀಲಿ ಏಳ್ತದೆ.”

“ಕೆಳಗಡೆ ಬಾವಿ ನಮ್ಮಣ್ಣಂದು ಮೇಡಮ್ಮೋರೇ!”

“ಬ್ಯಾಸ್ಗೇಲಿ ನಿಮ್ಮನೆಯವ್ರು ನೀರು ಸೇದೋದೆಲ್ಲಿ?”

ಮಾದಯ್ಯ ತಲೆ ಕೆರೆದುಕೊಂಡ. “ಅಲ್ಲೇಯಾ,” ಅಂದ.

“ಮತ್ತೆ? ಈ ನೀರು ಇಲ್ಲೇ ಬಿಸಿಲಿಗೆ ಆರಿ, ಸೊಳ್ಳೆ ಸಾಕ್ಕೊಂಡು ಓಯ್ತದೆ ಅಷ್ಟೇಯಾ. ನಿಮ್ಮಣ್ಣಂಗೂ ಇಲ್ಲ, ನಿಮ್ಗೂ ಇಲ್ಲ.”

ಮಾದಯ್ಯ ಸ್ವಲ್ಪ ಹೊತ್ತು ತನ್ನ ನೀರನ್ನೇ ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ಗುಂಡಿಗೆ ಇಳಿದ. ತಳದ ಜೇಡಿಯನ್ನು ಎಳೆದೆಳೆದು ದಡಕ್ಕೆ ಹಾಕಿದ. ನೀರು ಕದಡಿ ಕೆಂಪಾಯಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದವು. ನೀರು ಇಳಿದ ಕಡೆ ಗುಂಡಿಯ ಗೋಡೆಯಲ್ಲಿ ಒದ್ದೆಯ ಒಂದು ಗೆರೆ ಕಾಣಿಸಿಕೊಂಡು ನೋಡನೋಡುತ್ತ ಅಗಲವಾಯಿತು. ಗಿರಿಜಾ ಮೇಡಂ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿದ್ದ ಸಂತೋಷ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ.

ವಾಪಸು ಬರುವಾಗ ರಸ್ತೆಯ ಬದಿಯ ಹುಣಸೆ ಮರದ ಕೆಳಗೆ ಬಸ್ಸಿಗೆ ಕಾಯುತ್ತ ನಿಂತೆವು. ಅವರು ಸೀರೆಯ ಅಂಚಿನ ಕೆಸರನ್ನು ಕೊಡವುತ್ತ, ನನ್ನ ಕಡೆ ನೋಡದೆಯೇ ಹೇಳಿದರು.

“ಮೇಷ್ಟ್ರೇ, ನಿಮ್ದೂ ಮಾದಯ್ಯನ ಗುಂಡೀನೇಯಾ. ಇಳೀತಾ ಅದೆ, ಇಳೀತಾ ಅದೆ ಅಂತೀರಿ. ಇಳೀತಾ ಇಲ್ಲ, ನಿಂತದೆ. ತಳಕ್ಕೆ ಮಣ್ಣು ಮೆತ್ತಿರೋರೂ ನೀವೇಯಾ.” ಆಮೇಲೆ, “ಸೋಮಾರ ಸಾಮಾನು ಸಾಗ್ಸೋಕೆ ಲಾರಿಗೆ ಹೇಳಿವ್ನಿ,” ಅಂದರು.

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಬಸ್ಸು ಬಂತು, ಹತ್ತಿದೆವು. ಹನೂರು ದಾಟಿ ಕೊಳ್ಳೇಗಾಲ ಮುಟ್ಟುವವರೆಗೆ ಲ್ಯಾಟಿನ್ ಬಲ್ಲ ನನ್ನ ಬಾಯಿಂದ ಒಂದು ಕನ್ನಡದ ಪದವೂ ಹೊರಡಲಿಲ್ಲ.

ಮನೆಗೆ ಬಂದು ಅವ್ವನ ಕಟ್ಟಳೆಯನ್ನು ಮೊದಲಿನಿಂದ ನೆನಪು ಮಾಡಿಕೊಂಡೆ. ಅವ್ವ ಅಷ್ಟು ವರ್ಷಗಳಲ್ಲಿ ಯಾರಿಗೂ ನಾಳೆ ಬನ್ನಿ ಅಂದವಳಲ್ಲ. ಫಿಲ್ಟರಿಗೆ ನೀರು ಹುಯ್ಯುವಾಗಲೇ ಲೋಟಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದಳು. ಡಿಕಾಕ್ಷನ್ ಯಾಕೋ ತಡವಾದರೆ ಮೇಲಿನ ಡಬ್ಬಿ ಎತ್ತಿ ನೋಡುವಳು. ತೂತು ಕಟ್ಟಿಕೊಂಡಿದ್ದರೆ ಪುಡಿ ಕೊಡವಿ, ತಳವನ್ನು ಒಲೆಯ ಉರಿಗೆ ಹಿಡಿದು, ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ ಮತ್ತೆ ನೀರು ಹುಯ್ಯುವಳು. ನಾನು ಅವಳಿಂದ ಕಾಯುವುದನ್ನಷ್ಟೇ ಕಲಿತುಕೊಂಡು ಬಂದಿದ್ದೆ. ಶಾಂತಾಳ ಫೋಟೋದ ಮುಂದೆ ಹೋಗಿ ನಿಂತೆ. ಅವಳು ಬಟ್ಟೆ ಅಂಗಡಿಯ ಹೊರಗೆ ಎಳನೀರು ಕುಡಿದು ನನಗಾಗಿ ಕಾಯುವಾಗ ಇರುತ್ತಿದ್ದ ಮುಖದಲ್ಲೇ ಇದ್ದಳು. ಅಣ್ಣ, ಸ್ಟಾಫ್ ರೂಮು ಎಲ್ಲ ಬರೀ ನೆವ, ನನಗಿದ್ದದ್ದು ಹೆದರಿಕೆ. ಮತ್ತೊಬ್ಬರು ಮನೆಗೆ ಬಂದು, ಅವರೂ ಒಂದು ದಿನ ಹೋಗಿಬಿಟ್ಟರೆ ಎಂಬ ಹೆದರಿಕೆ. ಅದನ್ನು ತಾಳ್ಮೆ ಎಂದು ಕರೆದುಕೊಂಡು ಓಡಾಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅವರ ಮನೆಯ ಬಾಗಿಲು ತಟ್ಟಿದೆ. ಒಳಗೆ ರಟ್ಟಿನ ಡಬ್ಬಗಳು, ಸುತ್ತಿದ ಚಾಪೆಗಳು. ನಮ್ಮ ಮನೆಗೆ ಕಾಫಿಗೆ ಬನ್ನಿ ಎಂದು ಕರೆದೆ. ಇಷ್ಟು ದಿನ ಪಕ್ಕಪಕ್ಕದ ಸೀಟಿನಲ್ಲಿ ಓಡಾಡಿದ್ದರೂ ಅವರು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದರು.

ಅಡುಗೆಮನೆಯ ಬಾಗಿಲಲ್ಲಿ ಅವರು ನಿಂತಿದ್ದರು. ನಾನು ಪುಟ್ಟ ಫಿಲ್ಟರಿಗೆ ಪುಡಿ ಹಾಕಿ ನೀರು ಹುಯ್ದೆ. ಅವಸರದಲ್ಲಿ ಸ್ವಲ್ಪ ನೀರು ಕಟ್ಟೆಯ ಮೇಲೂ ಬಿತ್ತು. ಒಳಗೆ ಮೊದಲನೆಯ ಹನಿ ತೊಟ್ಟಿಕ್ಕಿದ ಸದ್ದು ಕೇಳಿಸಿತು. ಕಟ್ಟಳೆಯ ಪ್ರಕಾರ ಈಗ ಮಳೆ, ಬೆಳೆ, ಎಮ್ಮೆಯ ಮಾತಾಡಬೇಕು.

“ಗಿರಿಜಾ,” ಅಂದೆ. ಮೇಡಂ ಅನ್ನುವುದು ಯಾಕೋ ಬಾಯಿಗೆ ಬರಲಿಲ್ಲ. “ಶಿವಮೊಗ್ಗಕ್ಕೆ ಹೋಗಬೇಡಿ. ಇಲ್ಲಿಗೇ ಬನ್ನಿ. ಮದುವೆ ಆಗೋಣ.”

ಅವ್ವನ ಕಟ್ಟಳೆ ನಮ್ಮ ವಂಶದಲ್ಲಿ ಮೊದಲ ಸಲ ಮುರಿದುಬಿತ್ತು. ಗಿರಿಜಾ ಒಳಗೆ ಬಂದು, ಕಟ್ಟೆಯ ಮೇಲೆ ಚೆಲ್ಲಿದ್ದ ನೀರನ್ನು ಅಲ್ಲಿದ್ದ ಬಟ್ಟೆಯಿಂದ ಒರೆಸಿದರು. ಬಟ್ಟೆ ಹಿಂಡಿ ಕಿಟಕಿಯ ಸರಳಿಗೆ ಹಾಕಿದರು. ಫಿಲ್ಟರಿನ ಮುಚ್ಚಳ ತೆಗೆದು ಒಳಗೆ ಇಣುಕಿ, ಮತ್ತೆ ಮುಚ್ಚಿದರು. ಅಷ್ಟು ಹೊತ್ತು ನಾನು ಕಾದಷ್ಟು ಜೀವನದಲ್ಲಿ ಇನ್ಯಾವುದಕ್ಕೂ ಕಾದವನಲ್ಲ.

“ಇದು ಒಬ್ರಿಗಾಗೋ ಫಿಲ್ಟ್ರು,” ಅಂದರು. “ಅತ್ತೆಯೋರ್ದು ದೊಡ್ಡದು ಅಟ್ಟದ ಮೇಲದೆ ಅಂದಿದ್ರಲ್ಲ, ಅದನ್ನ ಇಳುಸ್ಕೊಡಿ.”

ನಾನು ಸ್ಟೂಲು ತರಲು ಹೋದೆ.